ಅಲೆಗೆ ಬಾಗಿಲು ತೆರೆಯುವ ರೇಲೀನ್

ಸಾಲಿಸ್‌ಬರಿಯ ಕೈಗಾರಿಕಾ ಬೀದಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಆಂಟೆನಾ ಬಿಡಿಭಾಗ ಮಾಡುವ ಶೆಡ್ಡಿನ ಹಿಂಬಾಗಿಲು ತೆಗೆದು, ಕೋಟು ಕೂಡ ಬಿಚ್ಚದೆ, ರೇಲೀನ್ ಹ್ಯಾಗರ್ಟಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕೆಲಸದ ಮೇಲಿನ ಪ್ರೀತಿಯೊಂದೇ ಇದಕ್ಕೆ ಕಾರಣವಲ್ಲ. ರೇಡಿಯೋ ಅಲೆಯ ನಡೆಯನ್ನು ಲೆಕ್ಕ ಹಾಕುವ ಸಾಫ್ಟ್‌ವೇರಿಗೆ ಕಂಪನಿ ಕೊಂಡಿರುವುದು ಒಂದೇ ಲೈಸೆನ್ಸು. ಮೊದಲು ಕೂತವರದ್ದೇ ರಾಜ್ಯ. "ಎಂಟು ಗಂಟೆಗೆ ಬಂದ್ರೆ ಎಂಜಿನಿಯರುಗಳ ಪಾಲಾಗಿರುತ್ತೆ. ಆಮೇಲೆ ಸಂಜೆವರೆಗೂ 'ಮುಗೀತಾ, ಮುಗೀತಾ' ಅಂತ ಅವರ ಹಿಂದೆ ಅಲೀಬೇಕು," ಎನ್ನುತ್ತಾ ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಾರೆ.

ಅವರ ಕೆಲಸವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುವುದು ಕಷ್ಟ. ಡಿಶ್ ಆಂಟೆನಾದ ನಡುವೆ ಒಂದು ಟೊಳ್ಳು ಲೋಹದ ಕೊಳವೆ ಇರುತ್ತದೆ. ಅಲೆ ಓಡಾಡುವುದು ಅದರೊಳಗೆ. ಲೋಹ ಕೊರೆಯುವ ಮೊದಲು ಆ ಕೊಳವೆಯನ್ನು ಕಂಪ್ಯೂಟರಿನಲ್ಲಿ ಬರೆದು, ಅಲೆ ಹರಿಸಿ ನೋಡುತ್ತಾರೆ. ಆದರೆ ಚಿತ್ರದ ಕೊಳವೆಯಲ್ಲಿ ಅಲೆ ತಾನಾಗಿ ಹುಟ್ಟುವುದಿಲ್ಲ. ಯಾವ ತುದಿಯಿಂದ ಬಿಡಬೇಕು, ಅದು ನೆಟ್ಟಗೆ ನಿಂತಿರಬೇಕೋ ಅಡ್ಡ ಮಲಗಿರಬೇಕೋ, ಎಲ್ಲವನ್ನೂ ಯಾರಾದರೂ ಹೇಳಿಕೊಡಬೇಕು. ಅಲೆ ಒಳಹೋಗುವ ಆ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ವಾರಕ್ಕೆ ನಲವತ್ತೋ ಐವತ್ತೋ ಪೋರ್ಟು ಇಡುವ ಕೈ ರೇಲೀನರದ್ದು, ಲೆಕ್ಕದ ವರದಿಯ ಮೇಲಿನ ಹೆಸರು ಎಂಜಿನಿಯರುಗಳದ್ದು. ಅವರ ಬಗ್ಗೆ ಬರೆಯಲು ಬಂದ ನನಗೆ ಇದು ಸರಿಯೆನಿಸುವುದಿಲ್ಲ. ಅವರಿಗೆ ಅದರ ಗೊಡವೆಯೇ ಇಲ್ಲ.

ಮೊದಲು ಕಾರ್ ಕಾರ್ಖಾನೆಯಲ್ಲಿ ತಗಡಿನ ಅಚ್ಚುಗಳ ನಕ್ಷೆ ಬರೆಯುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ವಯಸ್ಸು ಐವತ್ತರ ಹತ್ತಿರ. ಮಗನ ವಯಸ್ಸಿನವರ ಪಕ್ಕ ಕೂತು ಹೊಸದಾಗಿ ಕಲಿತರು. "ಮೊದಲ ಪರೀಕ್ಷೇಲಿ ಡುಮ್ಕಿ. ಎರಡನೇದರಲ್ಲೂ ಡುಮ್ಕಿ. ನನ್ನ ನೋಡಿ ಮೇಷ್ಟ್ರಿಗೇ ಅಳು ಬರೋ ಹಾಗಾಗಿತ್ತು."

ನಗುತ್ತಾ ಹೇಳಲಾಗದ ಕಥೆಯೂ ಒಂದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ವನುವಾಟು ಎಂಬ ದ್ವೀಪದೇಶದ ಹೊರದ್ವೀಪವೊಂದರ ಆಸ್ಪತ್ರೆಗೆ ಹೋಗಬೇಕಿದ್ದ ಕೊಳವೆಗೆ ಪೋರ್ಟನ್ನು ಕೊಳವೆ ಬಾಗುವ ತಿರುವಿನ ಪಕ್ಕದಲ್ಲೇ ಇಟ್ಟುಬಿಟ್ಟರು. ತೂಬಿನಿಂದ ನುಗ್ಗಿದ ನೀರು ಸ್ವಲ್ಪ ದೂರ ಹೋದ ಮೇಲಲ್ಲವೇ ಶಾಂತವಾಗಿ ಹರಿಯುವುದು? ತಿರುವಿನಲ್ಲಿ ಕಲಕಿದ ಅಲೆಗೂ ತಣ್ಣಗಾಗಲು ನೇರ ಹಾದಿ ಬೇಕು. ಅದು ಸಿಗದಿದ್ದರೆ ಲೆಕ್ಕ ಸುಳ್ಳು ಹೇಳುತ್ತದೆ, ಅದೂ ಚೆಂದದ ಸುಳ್ಳು. ಗ್ರಾಫ್ ಅಷ್ಟು ಚೆನ್ನಾಗಿದ್ದದ್ದರಿಂದ ಯಾರೂ ಅನುಮಾನಿಸಲಿಲ್ಲ. ದ್ವೀಪದಲ್ಲಿ ಆಂಟೆನಾಕ್ಕೆ ಜೋಡಿಸಿದರೆ ಆಸ್ಪತ್ರೆಯ ಫೋನಿನಲ್ಲಿ ಮಾತೇ ಕೇಳಿಸದು. ಹೊಸ ಕೊಳವೆ ಮುಟ್ಟುವವರೆಗೆ, ಚಂಡಮಾರುತದ ಕಾಲವಿಡೀ, ಲೇಮಾರಾ ಎಂಬ ನರ್ಸು ವೈದ್ಯರ ಸಲಹೆ ಕೇಳಲು ಮೊಬೈಲು ಹಿಡಿದು ಗುಡ್ಡ ಹತ್ತಬೇಕಾಯಿತು. ರೇಲೀನ್ ತಾವೇ ಫೋನು ಮಾಡಿ, ಹೆಸರು ಹೇಳಿ, ಕ್ಷಮೆ ಕೇಳಿದರು. "ಅವಳು ಬೈಲೇ ಇಲ್ಲ. ಬೈದಿದ್ರೆ ನನಗೆ ನಿದ್ದೆ ಬರ್ತಿತ್ತು."

ಇವತ್ತಿನದೂ ಆಸ್ಪತ್ರೆಯ ಕೊಳವೆಯೇ, ದ್ವೀಪ ಮಾತ್ರ ಬೇರೆ. ಸಂಜೆಯ ಲಾರಿ ತಪ್ಪಿದರೆ ಬ್ರಿಸ್ಬೇನಿನ ಹಡಗೂ ತಪ್ಪುತ್ತದೆ. ಇನ್ನೊಂದು ಹಡಗು ಹೊರಡುವ ಹೊತ್ತಿಗೆ ಚಂಡಮಾರುತಗಳು ಶುರುವಾಗಿರುತ್ತವೆ. ಲೋಹ ಕೊರೆಯುವ ಜ್ವೊಂಕೊ ಆಗಲೇ ಅಲ್ಯುಮಿನಿಯಂ ಗಟ್ಟಿಯನ್ನು ಯಂತ್ರಕ್ಕೆ ಬಿಗಿದು ಬಂದು ನಿಂತಿದ್ದಾರೆ. ತೆರೆಯ ಮೇಲೆ ನಿನ್ನೆಯ ಗ್ರಾಫ್ ಇದೆ. ಒಂದು ಕೊಂಕೂ ಇಲ್ಲ.

"ಚೆನ್ನಾಗಿದೆಯಲ್ಲೇ. ಶುರು ಮಾಡ್ಲಾ?"

"ತೀರಾ ಚೆನ್ನಾಗಿದೆ ಕಣೋ. ಜಾಗ ಸಾಲ್ದು ಅಂತ ಎಂಜಿನಿಯರುಗಳು ನಿನ್ನೆ ತಿರುವನ್ನ ಪೋರ್ಟಿನ ಕಡೆ ತಳ್ಳಿದ್ದಾರೆ. ಪೋರ್ಟನ್ನ ಹಿಂದಕ್ಕೆ ಸರಿಸಿ ಇನ್ನೊಂದ್ಸಲ ಓಡಿಸ್ತೀನಿ. ಮೂರು ಗಂಟೆ ಹಿಡಿಯುತ್ತೆ."

"ಅಯ್ಯೋ ಮಾರಾಯ್ತಿ! ಕಾಯೋಕೆ ಹಡಗಿನವರೇನು ನಿನ್ನ ಮಾವನ ಮಕ್ಕಳಾ?"

"ನಮ್ಮಾವ ಇದ್ದಿದ್ರೆ ಹಡಗನ್ನೂ ಮಾರಿ ಕುಡೀತಿದ್ದ. ಹೋಗು, ಟೀ ಕುಡಿ."

ಚಿತ್ರದ ಕೊಳವೆಯನ್ನು ಎಳೆದು ಉದ್ದ ಮಾಡುತ್ತಾರೆ. ತುದಿಯಲ್ಲಿ ಹೊಸ ಪೋರ್ಟು ಇಟ್ಟು, ಅಲೆಯ ಬಾಣ ಒಳಮುಖವಾಗಿದೆಯೇ ಎಂದು ಬೆರಳಿಟ್ಟು ನೋಡುತ್ತಾರೆ. ಲೆಕ್ಕ ಓಡತೊಡಗುತ್ತದೆ. ಎಂಜಿನಿಯರುಗಳು ಬರುತ್ತಾರೆ, ಲೈಸೆನ್ಸು ಸಿಗದೆ ಗೊಣಗುತ್ತಾರೆ. ಜ್ವೊಂಕೊ ನಿಂತಲ್ಲಿ ನಿಲ್ಲುತ್ತಿಲ್ಲ. ನೋಡಲು ಬಂದ ನಾನೂ ಮತ್ತೆ ಮತ್ತೆ ಗಡಿಯಾರ ನೋಡುತ್ತೇನೆ. ಇವರು ಸುಮ್ಮನೆ ಹಠ ಮಾಡುತ್ತಿದ್ದಾರೆ ಎಂದೂ ಒಮ್ಮೆ ಅನ್ನಿಸುತ್ತದೆ.

ಒಂಬತ್ತೂವರೆಗೆ ಹೊಸ ಗೆರೆ ಮೂಡುತ್ತದೆ. ಹಳೆಯ ಗೆರೆಯ ಮೇಲೇ ಕೂರುತ್ತದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ನೋಡ್ದಾ? ಅದೇ ಗೆರೆ! ಬೆಳಗ್ಗೆಯೆಲ್ಲ ದಂಡ!" ಜ್ವೊಂಕೊ ಕೂಗುತ್ತಾರೆ.

"ದಂಡವೇ. ಲೇಮಾರಾ ಕೊಳವೆಗೂ ಹೀಗೇ ಒಂದು ಬೆಳಗ್ಗೆ ದಂಡ ಮಾಡಿದ್ರೆ ಎಷ್ಟು ಚೆನ್ನಾಗಿತ್ತು. ಓಡು, ಕೊರಿ."

ಜ್ವೊಂಕೊ ಊಟಕ್ಕೂ ಏಳುವುದಿಲ್ಲ. ಸಂಜೆ ಲಾರಿಯವನು ಹಾರ್ನ್ ಹೊಡೆಯುವಾಗ ಪೆಟ್ಟಿಗೆಗೆ ಇನ್ನೂ ಮೊಳೆ ಬೀಳುತ್ತಿವೆ. ಅಂತೂ ಪೆಟ್ಟಿಗೆ ಲಾರಿ ಹತ್ತುತ್ತದೆ. ಇಷ್ಟೆಲ್ಲ ಮಾಡಿದವರ ಹೆಸರು ಎಲ್ಲಿಯೂ ಇಲ್ಲವೆಂದು ನನಗೆ ತಡೆಯಲಾಗುವುದಿಲ್ಲ. ನಿಮ್ಮ ಹೆಸರಿನ ಒಂದು ಚೀಟಿಯನ್ನಾದರೂ ಅಂಟಿಸಿ, ಅಲ್ಲಿಯ ನರ್ಸಿಗೆ ಗೊತ್ತಾಗಲಿ ಎನ್ನುತ್ತೇನೆ.

"ಬೇಡ ಕಣಪ್ಪ," ಎನ್ನುತ್ತಾರೆ ರೇಲೀನ್. "ಆ ದ್ವೀಪಗಳಲ್ಲಿ ನನ್ನ ಹೆಸರು ಗೊತ್ತಿರೋ ನರ್ಸು ಆಗಲೇ ಒಬ್ಬಳಿದ್ದಾಳೆ. ಇನ್ನೊಬ್ಬಳು ಆಗೋದು ಬೇಡ."