ಸುಹೈಲ್ ಬಂತೆಂದು ಹೇಳುವ ಎಸಿ ಮೆಕ್ಯಾನಿಕ್

ಆಗಸ್ಟ್ ಕೊನೆಯ ವಾರ, ಬೆಳಗಿನ ಜಾವ ನಾಲ್ಕೂಮುಕ್ಕಾಲು. ಮಸ್ಕತ್ ಬಳಿಯ ಅಲ್ ಅಮೇರಾತ್‌ನ ಐದಂತಸ್ತಿನ ಕಟ್ಟಡದ ತಾರಸಿಯಲ್ಲಿ ಉದ್ಯಾವರದ ದೂಮಪ್ಪ ಎಸಿಯ ಹೊರಯಂತ್ರದ ಧೂಳು ತೊಳೆಯುತ್ತಿದ್ದಾರೆ. ಬೇಸಿಗೆಯಲ್ಲಿ ಇಲ್ಲಿ ನಡುಹಗಲು ಹೊರಗೆ ದುಡಿಸುವಂತಿಲ್ಲ. ಹಾಗಾಗಿ ದಿನದ ಹನ್ನೆರಡು ಯಂತ್ರಗಳ ಕೆಲಸ ಕತ್ತಲಲ್ಲೇ ಶುರು. ಆಗಾಗ ಅವರು ಪೈಪು ಕೆಳಗಿಟ್ಟು ಆಗ್ನೇಯದ ಬೆಟ್ಟದತ್ತ ನೋಡುತ್ತಾರೆ.

ಅವರು ಕಾಯುತ್ತಿರುವುದು ನಮ್ಮ ಅಗಸ್ತ್ಯ ನಕ್ಷತ್ರಕ್ಕೆ, ಇಲ್ಲಿನವರ ಸುಹೈಲ್‌ಗೆ. ಬೇಸಿಗೆಯಿಡೀ ಸೂರ್ಯನ ಪ್ರಭೆಯಲ್ಲಿ ಮರೆಯಾಗಿದ್ದು, ಈ ದಿನಗಳ ಮುಂಜಾವಿನಲ್ಲಿ ಅದು ಮತ್ತೆ ಕಾಣಿಸಿದರೆ ಸೆಕೆ ಇಳಿಯುತ್ತದೆಂದು ಲೆಕ್ಕ. ಕಟ್ಟಡದ ಮಾಲೀಕ, ಎಂಬತ್ತರ ಫಾಹಿಮ್, ನಕ್ಷತ್ರ ನೋಡಿ ತೋಟಗಳಿಗೆ ನೀರಿನ ಸರದಿ ಹಂಚುತ್ತಿದ್ದ ಹಳ್ಳಿಯಲ್ಲಿ ಬೆಳೆದವರು. ಈಗ ಕಣ್ಣು ಮಂಜು. ಅವರನ್ನು 'ಬಾಬಾ' ಎಂದು ಕರೆಯುವ ದೂಮಪ್ಪ ಕಂಡೆನೆಂದರೆ ಮಾತ್ರ ಅವರ ಪಾಲಿಗೆ ಸುಹೈಲ್ ಬಂದಂತೆ.

"ಮೊದಲ ವರ್ಷ ಗುಡ್ಡದ ಮೇಲಿನ ಟವರ್ ದೀಪ ನೋಡಿ 'ಬಂತು' ಅಂದುಬಿಟ್ಟೆ. ಬಾಬಾ ಇಡೀ ಬೀದಿಗೆ ಹಲ್ವಾ ಹಂಚಿದ್ರು. ಮರುದಿನ ನೋಡ್ತೇನೆ, ನಕ್ಷತ್ರ ಇಂಚೂ ಕದಲ್ಲಿಲ್ಲ ಮಾರಾಯ್ರೆ!"

ಅಂದಿನಿಂದ ಯಂತ್ರದ ಕಬ್ಬಿಣದ ಸ್ಟ್ಯಾಂಡಿನ ಅಂಚಿಗೆ ಚುಕ್ಕೆಯನ್ನು ಹೊಂದಿಸಿ ಹತ್ತು ನಿಮಿಷ ಕಾಯುತ್ತಾರೆ. ನಕ್ಷತ್ರವಾದರೆ ಅಷ್ಟರಲ್ಲಿ ಚಾಚಿದ ಕೈಯ ಬೆರಳಗಲ ಸರಿಯಬೇಕು. ಈ ಕ್ರಮದಿಂದ ಹದಿನಾರು ವರ್ಷ ಒಮ್ಮೆಯೂ ತಪ್ಪಿಲ್ಲ.

ಇಂದು ಅವರ ಕೊನೆಯ ಪಾಳಿ. ವೀಸಾ ಮುಗಿದಿದೆ, ಸಂಜೆ ಮಂಗಳೂರಿಗೆ ವಿಮಾನ. ನಾಲ್ಕು ದಿನಗಳಿಂದ ಧೂಳು ಮುಸುಕಿ ಏನೂ ಕಂಡಿಲ್ಲ.

ಐದು ಗಂಟೆಗೆ ಬೆಟ್ಟದ ಅಂಚಿನಲ್ಲೊಂದು ಬಿಳಿ ಚುಕ್ಕೆ. ದೂಮಪ್ಪ ಒಂದು ಕಣ್ಣು ಮುಚ್ಚಿ ಸ್ಟ್ಯಾಂಡಿಗೆ ತಲೆಯಾನಿಸುತ್ತಾರೆ. ಚುಕ್ಕೆ ಚೂರು ಏರಿದಂತಿದೆ. ಆರನೆಯ ನಿಮಿಷಕ್ಕೆ ಧೂಳು ಅದನ್ನು ನುಂಗುತ್ತದೆ. ಧೂಳು ಸರಿಯುವಷ್ಟರಲ್ಲಿ ಬೆಳಕು ಹರಿದಿದೆ.

ಕೆಳಗೆ ಅಂಗಳದಲ್ಲಿ ಫಾಹಿಮ್ ಕುರ್ಚಿ ಹಾಕಿ ಕೂತಿದ್ದಾರೆ. "ಸುಹೈಲ್?"

"ಮಾಫಿ, ಬಾಬಾ." ಅರಬ್ಬಿಯಲ್ಲಿ 'ಇಲ್ಲ'.

"ಮೊಬೈಲ್ ಬೋಲ್ತಾ ಹೈ, ಆ ಗಯಾ!" ಸುಹೈಲ್ ಬಂದಾಯಿತು ಅನ್ನುತ್ತಿದೆಯಲ್ಲ ಮೊಬೈಲು ಎಂದು ಮುದುಕರು ಕೆಣಕುತ್ತಾರೆ.

"ಮೊಬೈಲ್ ಕೋ ಪಹಾಡ್ ನಹೀ ದಿಖ್ತಾ, ಬಾಬಾ." ಮೊಬೈಲಿಗೆ ಬೆಟ್ಟ ಕಾಣುವುದಿಲ್ಲವಲ್ಲ! ಇಬ್ಬರೂ ನಗುತ್ತಾರೆ. ಸುಹೈಲ್ ಬಂದಾಗ ಹಂಚುವ ಹಲ್ವಾದ ಮಾತು ಬರುವುದಿಲ್ಲ.

ಅದು ಸುಹೈಲೇ ಇದ್ದೀತು, ಹೇಳಿಬಿಡಬಹುದಿತ್ತಲ್ಲ ಎಂದು ಜೊತೆಗಿದ್ದ ನಾನು ಕೇಳಿದರೆ ಗೇಟಿನ ಬಳಿ ದೂಮಪ್ಪ ತಲೆಯಾಡಿಸುತ್ತಾರೆ.

"ನನಗೂ ಹಾಗೇ ಕಂಡಿತು ಸರ್. ಆದ್ರೆ ಸಿಕ್ಕಿದ್ದು ಆರೇ ನಿಮಿಷ. ಇಷ್ಟು ವರ್ಷ ಅವರು ನನ್ನ ಕಣ್ಣನ್ನೇ ನಂಬಿದ್ದಾರೆ. ಹೋಗುವ ದಿನ ಅವರಿಗೊಂದು 'ಇರಬಹುದು' ಕೊಟ್ಟು ಹೋಗ್ಲಿಕ್ಕೆ ಆಗ್ತದಾ?"