ಐಸ್‌ಬಾಕ್ಸಣ್ಣನ ಆರು ಪ್ಲೇಟು

ಅವನ ನಿಜವಾದ ಹೆಸರು ಸಂಬಳದ ರಿಜಿಸ್ಟರಿಗೆ ಗೊತ್ತಿತ್ತೇ ಹೊರತು ಊರಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಅವನದು ಒಂದೇ ಕೆಲಸ. ಗುಡ್ಡದ ಮೇಲಿನ ಸಣ್ಣ ಆಸ್ಪತ್ರೆಯ ರಕ್ತ, ಕಫದ ಸೀಸೆಗಳನ್ನು ನೀಲಿ ಐಸ್‌ಬಾಕ್ಸಿನಲ್ಲಿಟ್ಟು, ಮೋಟಾರ್‌ಸೈಕಲ್ಲಿನ ಹಿಂದೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು, ಅರವತ್ತು ಕಿಲೋಮೀಟರ್ ದೂರದ ಪಟ್ಟಣದ ಲ್ಯಾಬಿಗೆ ಮುಟ್ಟಿಸುವುದು. ಬರುವಾಗ ಅದೇ ಪೆಟ್ಟಿಗೆಯಲ್ಲಿ ಮಕ್ಕಳ ಲಸಿಕೆ ತರುವುದು. ಹಾಗಾಗಿ ಐಸ್‌ಬಾಕ್ಸಣ್ಣ. ಸ್ವಂತ ಅಕ್ಕನೂ "ಲೇ ಐಸ್‌ಬಾಕ್ಸು" ಅಂತಲೇ ಕೂಗುತ್ತಿದ್ದಳು, ಅವನೂ ಹೂಂ ಅಂತಿದ್ದ.

ಗಾಡಿಯೋ, ಅದೊಂದು ದೊಡ್ಡ ಕಥೆ. ಚಾಸಿ ಒಂದು ಗಾಡಿಯದು, ಟ್ಯಾಂಕು ಇನ್ನೊಂದರದು, ಎಂಜಿನ್ನು ಕಂದಕಕ್ಕೆ ಬಿದ್ದು ಗುಜರಿ ಸೇರಿದ್ದ ಮತ್ತೊಂದರದು. ಆ ಎಂಜಿನ್ನಿನ ಒಳಗೂ ಪ್ಲೇಟುಗಳು ಕೂರುವ ಕ್ಲಚ್ಚಿನ ಬುಟ್ಟಿ ನಾಲ್ಕನೆಯ ಗಾಡಿಯದು. ಅಷ್ಟನ್ನೂ ಜೋಡಿಸಿದವನು ಅವನೇ. ಆ ಕಡೆಯ ಗಾಡಿಗಳೆಲ್ಲ ಹಾಗೇ ಬದುಕುವುದು, ಸತ್ತದ್ದು ಇದ್ದದ್ದಕ್ಕೆ ಕೈಕಾಲು ಕೊಟ್ಟು. ಹೆಂಡತಿ ಆ ಗಾಡಿಗೆ ಸವತಿ ಅಂತ ಹೆಸರಿಟ್ಟಿದ್ದಳು. "ನನ್ನ ಒಂದೇ ಸಲ ನೋಡಿ ಒಪ್ಕೊಂಡ್ರಿ. ಇವಳನ್ನಾದ್ರೆ ದಿನಾ ಬಿಚ್ಚಿ ಬಿಚ್ಚಿ ನೋಡ್ತೀರಲ್ರೀ!" ಅಂತ ಅಡುಗೆಮನೆಯ ಕಿಟಕಿಯಿಂದಲೇ ಛೇಡಿಸುತ್ತಿದ್ದಳು. ಗಂಡ ಎಣ್ಣೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ನಾಚಿಕೊಂಡು ನಗುತ್ತಿದ್ದ.

ಈ ಹೆಂಡತಿಯ ಎದೆಯೊಳಗೆ ಲೋಹದ ಕವಾಟವೊಂದಿತ್ತು. ನಾಲ್ಕು ವರ್ಷದ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ಹಾಕಿಸಿದ್ದು. ಮನೆ ನಿಶ್ಶಬ್ದವಾಗಿದ್ದರೆ ಟಿಕ್ ಟಿಕ್ ಅನ್ನುವುದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಅದಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳಬಾರದು ಅಂತ ದಿನಾ ಒಂದು ಮಾತ್ರೆ. ಮಾತ್ರೆ ಹೆಚ್ಚಾದರೆ ರಕ್ತ ನೀರಾಗಿ ಎಲ್ಲೆಲ್ಲೋ ಸೋರುತ್ತದೆ, ಕಡಿಮೆಯಾದರೆ ಗಡ್ಡೆ ಕಟ್ಟಿ ಮಿದುಳಿಗೆ ಹೋಗುತ್ತದೆ. ಎರಡರ ನಡುವಿನ ಅಳತೆ ಕಣ್ಣಿಗೆ ಕಾಣುವಂಥದ್ದಲ್ಲ. ಹದಿನೈದು ದಿನಕ್ಕೊಮ್ಮೆ ಪಟ್ಟಣದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಬಂದ ಅಂಕಿ ನೋಡಿ, ಡಾಕ್ಟರು ಮಾತ್ರೆಯ ಲೆಕ್ಕ ಹೇಳಬೇಕು. ನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವನಲ್ಲ ಐಸ್‌ಬಾಕ್ಸಣ್ಣ. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಪೆಟ್ಟಿಗೆ.

ಊರಿನಲ್ಲಿ ಓಡುತ್ತಿದ್ದ ಒಂದೇ ಒಂದು ಗಾಡಿ ಅದು. ಅಂಥದ್ದು ಒಂದು ಬೆಳಿಗ್ಗೆ ಏರಿನಲ್ಲಿ ಕೈಕೊಟ್ಟಿತು. ಎಂಜಿನ್ನು ಅರಚುತ್ತದೆ, ಚಕ್ರ ತಿರುಗುವುದಿಲ್ಲ. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟುಗಳು ಸವೆದು ಬರೀ ತಗಡಾಗಿದ್ದವು. ಪಟ್ಟಣದ ಅಂಗಡಿಗಳಿಗೆ ಫೋನ್ ಮಾಡಿದರೆ ಎಲ್ಲರದೂ ಒಂದೇ ಉತ್ತರ: "ಆ ಮಾಡೆಲ್ ನಿಂತೋಯ್ತಲ್ಲಣ್ಣ, ಆನ್‌ಲೈನಲ್ಲಿ ನೋಡಿ."

ಆಯಿತು, ಆನ್‌ಲೈನು. ಸ್ಮಾರ್ಟ್‌ಫೋನ್ ಇದ್ದದ್ದು ಹೆಂಡತಿಯ ಹತ್ತಿರ. ಅದಕ್ಕೆ ಸಿಗ್ನಲ್ ಸಿಗುತ್ತಿದ್ದದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾತ್ರ. ಗಂಡ ಹೆಂಡತಿ ಇಬ್ಬರೂ ಅಲ್ಲಿ ಕೂತು, ಅವಳು ಒತ್ತುತ್ತಾ, ಅವನು ಬಗ್ಗಿ ನೋಡುತ್ತಾ, ಅರ್ಧ ದಿನ ಕಳೆದರು. ಮನೆ ವಿಳಾಸ ಹಾಕಿದರೆ 'ಈ ಪಿನ್‌ಕೋಡಿಗೆ ಡೆಲಿವರಿ ಇಲ್ಲ' ಅಂತ ಕೆಂಪಕ್ಷರ. ಕೊನೆಗೆ ಹದಿನಾಲ್ಕು ಕಿಲೋಮೀಟರ್ ಕೆಳಗಿನ ಕ್ರಾಸಿನಲ್ಲಿದ್ದ ಪಂಕ್ಚರ್ ಅಂಗಡಿಯ ವಿಳಾಸ ಕೊಟ್ಟರು. 'ನಿಮ್ಮ ಗಾಡಿಯ ನಂಬರ್ ಹಾಕಿ, ಸರಿಯಾದ ಪಾರ್ಟ್ ನಾವೇ ಹುಡುಕುತ್ತೇವೆ' ಅಂತ ಬಂತು.

ಇಲ್ಲೇ ನೋಡಿ, ಅವನು ಎಡವಿದ್ದು. ಪ್ರತಿ ಬೋಲ್ಟೂ ಯಾವ ಗಾಡಿಯಿಂದ ಬಂದದ್ದು ಅಂತ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲವನು, ಗಾಡಿಯ ಕಾಗದಪತ್ರದಲ್ಲಿದ್ದ ನಂಬರನ್ನು ಹಾಕಿಸಿದ. ಹೆಂಡತಿಗೇ ಅನುಮಾನ ಬಂತು. "ರೀ, ಎಂಜಿನ್ನು ಬೇರೆಯದಲ್ವಾ?"

"ಅಷ್ಟು ದೊಡ್ಡ ಕಂಪನಿ ಕಣೇ, ಸುಮ್ನೆ ಹೇಳ್ತಾರಾ? ಅವರಿಗೆ ಗೊತ್ತಿರುತ್ತೆ."

ಏನು ಗೊತ್ತಿರುತ್ತೆ, ಮಣ್ಣು! ಹನ್ನೆರಡು ದಿನ ಬಿಟ್ಟು ಬಂದದ್ದು ಕಾಗದದ ಮೇಲಿದ್ದ ಎಂಜಿನ್ನಿನ ಪ್ಲೇಟು. ಆ ಎಂಜಿನ್ನು ಗುಜರಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಹದಿನಾಲ್ಕು ಕಿಲೋಮೀಟರ್ ನಡೆದು ತಂದದ್ದನ್ನು ಹದಿನಾಲ್ಕು ಕಿಲೋಮೀಟರ್ ನಡೆದು ವಾಪಸ್ ಕೊಟ್ಟು ಬಂದ. ಎರಡನೆಯ ಸಲ ಎಂಜಿನ್ನಿನ ಮೇಲೆ ಕೆತ್ತಿದ್ದ ನಂಬರನ್ನೇ ಕೊಟ್ಟ. ಅಳತೆ ಸರಿಯಾಗಿತ್ತು, ಆದರೆ ಐದೇ ಪ್ಲೇಟು. ಇವನ ನಾಲ್ಕನೆಯ ಗಾಡಿಯ ಬುಟ್ಟಿಗೆ ಆರು ಬೇಕು. ಶೆಡ್ಡಿನ ನೆಲದ ಮೇಲೆ ಗೋಣಿಚೀಲ ಹಾಸಿ, ಐದು ಪ್ಲೇಟನ್ನು ಸಾಲಾಗಿಟ್ಟು, ತಲೆಮೇಲೆ ಕೈ ಹೊತ್ತು ಕೂತ. ಆರನೆಯದಾಗಿ ಹಳೇ ತಗಡನ್ನೇ ಸೇರಿಸಿ ನೋಡಿದ. ಗಾಡಿ ಮನೆಯ ಮುಂದಿನ ದಿಣ್ಣೆಯನ್ನೂ ಹತ್ತಲಿಲ್ಲ. ಆ ಐದನ್ನೂ ನಡೆದು ಹೋಗಿ ವಾಪಸ್ ಕೊಟ್ಟು ಬಂದ.

ಅಷ್ಟರಲ್ಲಿ ನಾಲ್ಕು ವಾರ. ಎರಡು ಪರೀಕ್ಷೆ ತಪ್ಪಿದ್ದವು. ಅವನು ಸುಮ್ಮನೆ ಕೂತಿದ್ದ ಅಂದುಕೊಳ್ಳಬೇಡಿ. ಮೇಲಿನ ಕಚೇರಿಗೆ ಆಸ್ಪತ್ರೆಯ ನರ್ಸಮ್ಮನಿಂದ ಬರೆಸಿದ. 'ಬದಲಿ ವ್ಯವಸ್ಥೆ ಪರಿಶೀಲನೆಯಲ್ಲಿದೆ' ಅಂತ ಬಂತು. ಆಂಬುಲೆನ್ಸಿಗೆ ಫೋನ್ ಮಾಡಿದ. ಪರೀಕ್ಷೆಗೆಲ್ಲ ಬರಲ್ಲ, ಜೀವಕ್ಕೆ ಅಪಾಯ ಇದ್ದರೆ ಹೇಳಿ ಅಂದರು. ಕ್ರಾಸಿನ ಬಾಡಿಗೆ ಕಾರಿನವನನ್ನು ಅಂಗಲಾಚಿದ. ಆ ರಸ್ತೆಗೆ ಬಂದರೆ ಆಕ್ಸಲ್ ಉಳಿಯಲ್ಲ ಅಂತ ಅವನು ಕೈ ಎತ್ತಿಬಿಟ್ಟ. ಒಂದು ದಿನ ನರ್ಸಮ್ಮ ಬೆಳಕು ಹರಿಯುವಾಗಲೇ ರಕ್ತ ತೆಗೆದುಕೊಟ್ಟಳು. ಐಸ್‌ಬಾಕ್ಸು ಹೆಗಲ ಮೇಲೆ ಹೊತ್ತು ಮೂರು ಗಂಟೆ ನಡೆದ. ಬಸ್ಸು ತಡವಾಗಿ ಬಂತು. ಲ್ಯಾಬಿನ ಹುಡುಗಿ ಸೀಸೆಯನ್ನು ಬೆಳಕಿಗೆ ಹಿಡಿದು, "ಹೆಪ್ಪುಗಟ್ಟಿದೆ ಅಂಕಲ್, ನಂಬರ್ ಬರಲ್ಲ" ಅಂದಳು. ಹದಿನೆಂಟು ವರ್ಷ ಊರಿನವರ ರಕ್ತವನ್ನೆಲ್ಲ ಜೋಪಾನವಾಗಿ ಮುಟ್ಟಿಸಿದವನಿಗೆ ಸ್ವಂತ ಹೆಂಡತಿಯದನ್ನು ಮುಟ್ಟಿಸಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ನಲ್ಲಿಯ ಹತ್ತಿರ ಮುಖ ತೊಳೆಯುವವನ ಹಾಗೆ ನಿಂತು ಅತ್ತ.

ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಕ್ರಾಸಿನವರೆಗೆ ಒಯ್ಯುತ್ತೇವೆ ಅಂತ ಅಕ್ಕಪಕ್ಕದವರು ಮುಂದೆ ಬಂದರು. ಅವಳೇ ಒಪ್ಪಲಿಲ್ಲ. "ನಾಲ್ಕು ಜನ ಹೊರೋಕೆ ಇನ್ನೂ ಟೈಮಿದೆ, ಬಿಡ್ರಪ್ಪ" ಅಂದು ನಕ್ಕಳು. ಅವರೂ ನಕ್ಕರು. ಇವನೊಬ್ಬ ಮಾತ್ರ ನಗದೆ ಎದ್ದು ಶೆಡ್ಡಿಗೆ ಹೋದ.

ಐದನೆಯ ವಾರ ಅವಳು ನೀರು ಸೇದುವಾಗ ಸೆರಗು ಸರಿದು ತೋಳು ಕಾಣಿಸಿತು. ಮೊಣಕೈಯಿಂದ ಭುಜದವರೆಗೆ ನೇರಳೆ ಕಲೆ.

"ಇದೇನೇ ಇದು?"

"ಬಾಗಿಲು ತಾಗ್ತು."

"ಬಾಗಿಲು ಇಷ್ಟುದ್ದ ತಾಗುತ್ತೇನೇ? ಎಷ್ಟು ದಿನ ಆಯ್ತು?"

ವಾರವಾಗಿತ್ತಂತೆ. ಹೇಳಿದರೆ ಗಂಡ ಕಂಗಾಲಾಗುತ್ತಾನೆ ಅಂತ ಮುಚ್ಚಿಟ್ಟುಕೊಂಡಿದ್ದಳು. ನರ್ಸಮ್ಮ ನೋಡಿ, "ರಕ್ತ ತುಂಬಾ ತೆಳುವಾದ ಹಾಗಿದೆ. ಆದ್ರೆ ಪರೀಕ್ಷೆ ಇಲ್ದೆ ನಾನು ಏನೂ ಹೇಳೋ ಹಾಗಿಲ್ಲಣ್ಣ" ಅಂದಳು. ಪಟ್ಟಣದ ಡಾಕ್ಟರು ಫೋನಿನಲ್ಲಿ, "ಅಂಕಿ ಇಲ್ದೆ ಮಾತ್ರೆ ಮುಟ್ಟಬೇಡಿ, ಕರ್ಕೊಂಡು ಬನ್ನಿ" ಅಂತ ಇಟ್ಟುಬಿಟ್ಟರು. ಕರ್ಕೊಂಡು ಬನ್ನಿ! ಹೇಗೆ ಅಂತ ಒಬ್ಬರಾದರೂ ಹೇಳಬೇಕಲ್ಲ.

ಮನೆಗೆ ಬಂದು ಅವನು ಮಾತ್ರೆಗಳನ್ನು ಪೇಪರಿನ ಮೇಲೆ ಸುರಿದುಕೊಂಡ. ಕಾರ್ಬುರೇಟರಿನ ತಿರುಪನ್ನು ಅರ್ಧ ಸುತ್ತು ಸಡಿಲಿಸಿ ಎಂಜಿನ್ನಿನ ಉಸಿರು ಸರಿಮಾಡುವ ಕೈ ಅದು. ಆ ಕೈ ಅವನಿಗೆ ಯಾವತ್ತೂ ಮೋಸ ಮಾಡಿರಲಿಲ್ಲ. ಬ್ಲೇಡಿನಿಂದ ಒಂದೊಂದನ್ನೂ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ. "ಸ್ವಲ್ಪ ದಿನ ಅರ್ಧ ತಗೋ. ಕಲೆ ಮಾಯ್ತಾ ಬಂದ್ರೆ ಸರಿಯಾಯ್ತು ಅಂತ ಅರ್ಥ." ಅವಳು ಒಂದು ಅರ್ಧವನ್ನು ನೀರಿನ ಜೊತೆ ನುಂಗಿದಳು. ಹತ್ತು ದಿನದಲ್ಲಿ ಕಲೆ ಹಳದಿಗೆ ತಿರುಗಿ ಮಾಯತೊಡಗಿತು. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ದಿನಾ ಬೆಳಿಗ್ಗೆ ತೋಳು ತೋರಿಸು ಅಂತ ಪೀಡಿಸಿ ನೋಡುತ್ತಿದ್ದ.

ಈ ಮಧ್ಯೆಯೇ ಮಾಡಿದ ಮೂರನೆಯ ಆರ್ಡರಿಗೆ ಅವನು ಯಾವ ನಂಬರನ್ನೂ ನಂಬಲಿಲ್ಲ. ಹಳೇ ಪ್ಲೇಟನ್ನು ಸ್ಕೇಲಿನ ಪಕ್ಕ ಇಟ್ಟು ಫೋಟೋ ತೆಗೆಸಿದ, ಹಲ್ಲುಗಳನ್ನು ಎಣಿಸಿ ಬರೆದುಕೊಂಡ, ಹೆಂಡತಿ ಮೆಟ್ಟಿಲ ಮೇಲೆ ಕೂತು ಅರವತ್ತು ಚಿತ್ರಗಳಿಗೆ ತಾಳೆ ನೋಡಿದಳು. ಸಿಕ್ಕಿತು. ಆರು ಪ್ಲೇಟು, ಅದೇ ಹಲ್ಲು, ಅದೇ ಅಗಲ. ಇಬ್ಬರೂ ಮಕ್ಕಳ ಹಾಗೆ ಕೈ ಕೈ ತಟ್ಟಿದರು.

ಆದರೆ ಎರಡು ಸಲ ಸರಕು ವಾಪಸ್ ಮಾಡಿದ ಗಿರಾಕಿ ಇವರು. ಇನ್ನು ಮೇಲೆ ಓಟಿಪಿ ಹೇಳದೆ ಪಾರ್ಸೆಲ್ ಕೊಡುವುದಿಲ್ಲ ಅಂತ ಕಂಪನಿ ಕಟ್ಟಪ್ಪಣೆ ಮಾಡಿತು. ಓಟಿಪಿ ಬರುವುದು ಹೆಂಡತಿಯ ಫೋನಿಗೆ. ಅವಳ ಫೋನಿಗೆ ಕ್ರಾಸಿನಲ್ಲಿ ಸಿಗ್ನಲ್ ಇಲ್ಲ. ಇವನ ಬಟನ್ ಫೋನಿಗೆ ಕ್ರಾಸಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಂಬರ್ ಬದಲಾಯಿಸಿದರೆ ಆರ್ಡರೇ ರದ್ದು. ಪಾರ್ಸೆಲ್ ಬಂದ ದಿನ ಪಂಕ್ಚರ್ ಅಂಗಡಿಯವನು ಎಷ್ಟು ಬೇಡಿಕೊಂಡರೂ ವ್ಯಾನಿನವನು 'ಗ್ರಾಹಕರು ಸಿಗಲಿಲ್ಲ' ಅಂತ ಒತ್ತಿ ಹೊರಟುಹೋದ. ಇವರ ಮನೆ ಹಾಳಾಗ! ಗ್ರಾಹಕರು ಏಳು ವಾರದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಇನ್ನೊಂದು ಸಲ ಮಾತ್ರ ತರುತ್ತೇವೆ, ಆಮೇಲೆ ಸರಕು ವಾಪಸ್ ಹೋಗುತ್ತದೆ ಅಂತ ಕಸ್ಟಮರ್ ಕೇರಿನವಳು ಸಿಹಿಯಾಗಿ ಹೇಳಿದಳು. ಆ ದಿನ ಅವನು ಕತ್ತಲಿರುವಾಗಲೇ ಕ್ರಾಸಿಗೆ ಹೊರಟ. ಹೆಂಡತಿ ಫೋನ್ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರುವುದು, ಓಟಿಪಿ ಬಂದ ತಕ್ಷಣ ಅವನಿಗೆ ಓದಿ ಹೇಳುವುದು ಅಂತ ಮಾತಾಗಿತ್ತು. ನರ್ಸಮ್ಮ ಆಚೆ ಊರಿಗೆ ಹೆರಿಗೆಗೆ ಹೋಗಿದ್ದಳು.

ಹನ್ನೊಂದು ಗಂಟೆಗೆ ವ್ಯಾನು ಬಂತು. ಪಂಕ್ಚರ್ ಅಂಗಡಿಯ ಟಯರ್ ರಾಶಿಯ ಪಕ್ಕ ನಿಲ್ಲಿಸಿ, ವ್ಯಾನಿನವನು ಪಾರ್ಸೆಲ್ ಕೈಗೆತ್ತಿಕೊಂಡು, "ಮೆಸೇಜ್ ಹೋಯ್ತು. ನಾಲ್ಕಂಕಿ ಹೇಳಿ" ಅಂದ. ಐಸ್‌ಬಾಕ್ಸಣ್ಣ ಹೆಂಡತಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಎತ್ತಿದಳು.

"ಬಂತೇನೇ? ಹೇಳು ಬೇಗ."

"ಏಳು," ಅಂದಳು. ಆಮೇಲೆ ಸ್ವಲ್ಪ ತಡೆದು, "ಏಳು... ಚಮಚ."

"ಏನು?"

"ಏಳು. ಚಮಚ. ಏಳು, ಬಾಗಿಲು..."

"ಲೇ, ಇದು ತಮಾಷೆ ಮಾಡೋ ಹೊತ್ತಾ? ಅಂಕಿ ಓದೇ, ಅಂಕಿ!"

"ಇನ್ನೆರಡು ನಿಮಿಷ ಅಷ್ಟೇ ಸಾರ್," ಅಂದ ವ್ಯಾನಿನವನು.

"ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಸರಿಯಾಗಿ ಹೇಳೇ! ಏಳು ವಾರ ಆಯ್ತು, ಇವತ್ತೂ ಆಟ ಆಡ್ತೀಯಲ್ಲ, ಬುದ್ಧಿ ಇಲ್ವಾ ನಿನಗೆ?" ಕ್ರಾಸಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅರಚಿದ. ಮದುವೆಯಾದಾಗಿನಿಂದ ಅವಳ ಮೇಲೆ ಅಷ್ಟು ದನಿ ಎತ್ತಿದ್ದಿಲ್ಲ.

ಅವಳು ತಮಾಷೆ ಮಾಡಿದರೆ ಕೊನೆಗೆ ತಾನೇ ತಡೆಯಲಾರದೆ ಕಿಸಕ್ಕನೆ ನಗುತ್ತಿದ್ದಳು. ಅವನು ಆ ನಗುವಿಗೆ ಕಾದ. ನಗು ಬರಲಿಲ್ಲ. "ಏಳು," ಅಂದಳು ಮತ್ತೆ, ಮೆಲ್ಲಗೆ, ನಾಲಿಗೆ ದಪ್ಪಗಾದವಳ ಹಾಗೆ. ಆಮೇಲೆ ಬಂದದ್ದು ಮಾತೇ ಅಲ್ಲ, ಬರೀ ಸದ್ದು. ಆಗ ಅವನಿಗೆ ಹೊಳೆಯಿತು. ಅರ್ಧ ಮಾತ್ರೆ. ಅವನೇ, ಅವನ ಕೈಯಾರೆ.

"ಟೈಮ್ ಆಯ್ತು, ನಂಬರ್ ಹೇಳ್ತೀರೋ ಇಲ್ವೋ?" ಅಂತ ಕೇಳಿದ ವ್ಯಾನಿನವನಿಗೆ ಅವನು ಫೋನನ್ನೇ ಕೊಟ್ಟ. ಕಿವಿಗಿಟ್ಟುಕೊಂಡವನ ಮುಖ ನೋಡನೋಡುತ್ತ ಬದಲಾಯಿತು.

"ಯಾರಿದು?"

"ನನ್ನ ಹೆಂಡತಿ. ಮಾತು ಹೋಗ್ತಿದೆ. ಮೇಲೆ ಒಬ್ಬಳೇ ಇದಾಳೆ. ಗಾಡಿ ಇಲ್ಲ ನಂಗೆ."

ವ್ಯಾನಿನವನು ಇನ್ನೂ ಇಪ್ಪತ್ತು ಮೂವತ್ತು ಪಾರ್ಸೆಲ್ ತುಂಬಿದ್ದ ಗಾಡಿಯನ್ನೊಮ್ಮೆ, ಗುಡ್ಡದ ರಸ್ತೆಯನ್ನೊಮ್ಮೆ ನೋಡಿದ. "ಹತ್ತಿ," ಅಂದ.

ಏಳು ವಾರ ಯಾವ ವಾಹನವೂ ಬರಲೊಲ್ಲದ ರಸ್ತೆಯನ್ನು ಆ ವ್ಯಾನು ಇಪ್ಪತ್ತೈದು ನಿಮಿಷದಲ್ಲಿ ಹತ್ತಿತು. ಆಕ್ಸಲ್ ಮುರಿಯಲಿಲ್ಲ, ಏನೂ ಆಗಲಿಲ್ಲ. ಅವನು ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ.

ಅವಳು ಮೆಟ್ಟಿಲ ಮೇಲೇ ಇದ್ದಳು, ಕಂಬಕ್ಕೆ ವಾಲಿಕೊಂಡು. ಬಲಗೈ ಪಕ್ಕಕ್ಕೆ ಬಿದ್ದುಹೋಗಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಎಡಗೈಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದಿದ್ದಳು. ಗಂಡನನ್ನು ಕಂಡ ಕೂಡಲೇ ಅದನ್ನು ಮುಂದೆ ಚಾಚಿ, ಬೈಸಿಕೊಂಡ ಮಗುವಿನ ಕಣ್ಣಲ್ಲಿ ಅವನನ್ನೇ ನೋಡುತ್ತಾ, ತುಟಿ ಕೂಡಿಸಿ ಕೂಡಿಸಿ ಆ ಅಂಕಿಗಳನ್ನು ಹೇಳಲು ಹೆಣಗಿದಳು.

"ಸರಿ ಕಣೇ. ಸರಿಯಾಗೇ ಹೇಳ್ದೆ," ಅಂದ ಅವನು. "ಕೊಟ್ರು. ಪಾರ್ಸೆಲ್ ಕೊಟ್ರು. ಸಾಕು, ಇನ್ನು ಹೇಳ್ಬೇಡ."

ವ್ಯಾನಿನವನು ಡಬ್ಬಗಳನ್ನು ಒಂದರ ಮೇಲೊಂದು ಎಸೆದು ಜಾಗ ಮಾಡಿದ. ಇಬ್ಬರೂ ಸೇರಿ ಅವಳನ್ನು ಒಳಗೆ ಮಲಗಿಸಿದರು. ಅವನು ಹಿಂದೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಪಟ್ಟಣ ಅರವತ್ತು ಕಿಲೋಮೀಟರ್ ಇತ್ತು. ಅಷ್ಟು ದೂರವೂ ಅವಳು ನಂಬರ್ ಹೇಳುತ್ತಲೇ ಇದ್ದಳು, ಅವನು ಸರಿ, ಸರಿ ಅನ್ನುತ್ತಲೇ ಇದ್ದ.