ಹಗುರದ ಯಂತ್ರ, ವಸುಧಾಳ ಕಾಸು

ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದ್ದ ಸಾರಿನಪುಡಿಯ ಡಬ್ಬಿಗೆ ಕೈ ಚಾಚಿದ ಒಂದು ಬೆಳಗ್ಗೆ ನನ್ನ ಬಲಭುಜ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಉಳುಕಲಿಲ್ಲ, ಮುರಿಯಲಿಲ್ಲ, ಇನ್ನು ಮುಂದೆ ಇಷ್ಟೇ ಎಂದು ಹಟ ಹಿಡಿದ ಮಗುವಿನ ಹಾಗೆ ನಿಂತಿತು. ಐವತ್ತು ದಾಟಿದ ಹೆಂಗಸರಲ್ಲಿ ಇದು ಸಾಮಾನ್ಯ, ವಾಸಿಯಾಗುತ್ತದೆ, ಆದರೆ ನಿಧಾನ ಎಂದರು ವೈದ್ಯರು. ನನಗೆ ಕಣ್ಣಲ್ಲಿ ನೀರು ಬಂದದ್ದು ನೋವಿಗಲ್ಲ. ಹಳೆಯ ನಾಣ್ಯ ಹುಡುಕುವುದಕ್ಕೆ ಒಂದು ಮೆಟಲ್ ಡಿಟೆಕ್ಟರ್ ಕೊಳ್ಳಬೇಕೆಂದು ವರ್ಷಗಳಿಂದ ಆಸೆಪಟ್ಟು ಕೊನೆಗೂ ಗಟ್ಟಿ ಮನಸ್ಸು ಮಾಡಿದ್ದು ಅದೇ ವಾರ; ಅದನ್ನು ಬೀಸಬೇಕಾದ ಕೈ ಮುಷ್ಕರ ಹೂಡಿದ್ದೂ ಅದೇ ವಾರ.

ನಾಣ್ಯದ ಹುಚ್ಚು ನನಗೆ ಹೇಗೆ ಹಿಡಿಯಿತೆಂದು ನೀವು ಕೇಳಿದರೆ, ಮೈಸೂರಿನಲ್ಲಿದ್ದ ನಮ್ಮ ಸೋದರತ್ತೆಯ ದೇವರ ಪೆಟ್ಟಿಗೆಯನ್ನು ತೋರಿಸಬೇಕಾಗುತ್ತದೆ. ಅದರೊಳಗೆ ಕುಂಕುಮ ಮೆತ್ತಿದ ನಾಲ್ಕಾರು ತಾಮ್ರದ ಕಾಸುಗಳಿದ್ದವು. ಶುಕ್ರವಾರ ಶುಕ್ರವಾರ ಅವನ್ನು ತೊಳೆದಿಡುವ ಕೆಲಸ ನನ್ನದು. ಸವೆದ ಅಕ್ಷರಗಳನ್ನು ಹೆಬ್ಬೆರಳಿನಿಂದ ಓದುವುದನ್ನು ಅಲ್ಲಿಯೇ ಕಲಿತೆ. ಮುಂದೆ ಓದಿದ್ದೂ ಇತಿಹಾಸ, ಶಾಲೆಯಲ್ಲಿ ಕಲಿಸಿದ್ದೂ ಇತಿಹಾಸ. ನಮ್ಮವರಿಗೆ ಮಲೇಷ್ಯಾದ ಪೆನಾಂಗ್ ದ್ವೀಪದ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಯಾನ್ ಲೆಪಾಸಿನ ಎತ್ತರದ ಕಾಂಡೊ ಒಂದಕ್ಕೆ ಬಂದು ನೆಲೆಸಿದ ಮೇಲೆ ಕಲಿಸುವುದಕ್ಕೆ ಮಕ್ಕಳಿರಲಿಲ್ಲ, ತರಗತಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಸಮುದ್ರತೀರದಲ್ಲಿ ನಡೆದಾಡುವುದು ಮಾತ್ರ ಉಳಿಯಿತು. ಅಲ್ಲಿ ಒಂದು ಸಂಜೆ ಟೋಪಿ ಹಾಕಿದ ಚೀನೀ ಹಿರಿಯರೊಬ್ಬರು ಉದ್ದ ಕೋಲಿನ ಯಂತ್ರವನ್ನು ಮರಳಿನ ಮೇಲೆ ಅತ್ತಿತ್ತ ಆಡಿಸುತ್ತಾ ಬಂದು, ಬಗ್ಗಿ, ಏನನ್ನೋ ಹೆಕ್ಕಿ, ಅಂಗೈಯಲ್ಲಿಟ್ಟು ನೋಡಿ ನಕ್ಕರು. ಏನು ಸಿಕ್ಕಿತೆಂದು ಅವರು ತೋರಿಸಲಿಲ್ಲ. ಆ ನಗುವಿನ ಮೇಲೆ ನನಗೆ ಹುಟ್ಟಿದ ಹೊಟ್ಟೆಕಿಚ್ಚು ಮನೆ ತಲುಪುವವರೆಗೂ ಆರಲಿಲ್ಲ.

ಹೀಗಾಗಿ ಭುಜ ಕೈಕೊಟ್ಟರೂ ಆಸೆ ಬಿಡಲಿಲ್ಲ; ಹುಡುಕಾಟ ಹಗುರದ ಯಂತ್ರದ ಕಡೆಗೆ ತಿರುಗಿತು. ಎಷ್ಟು ಆಳಕ್ಕೆ ಕೇಳಿಸುತ್ತದೆ, ಕಬ್ಬಿಣದ ಮೊಳೆಗೂ ತಾಮ್ರದ ಬಿಲ್ಲೆಗೂ ಬೇರೆ ಬೇರೆ ಸದ್ದು ಮಾಡುತ್ತದೆಯೇ, ಉಪ್ಪುನೀರು ಕುಡಿದ ಮರಳಿನ ಮೇಲೆ ಸುಮ್ಮಸುಮ್ಮನೆ ಕಿರುಚುತ್ತದೆಯೇ ಎಂದು ನಾನು ವಾರಗಟ್ಟಲೆ ವಿಚಾರಿಸುತ್ತಿದ್ದುದನ್ನು ನೋಡಿ ನಮ್ಮವರು, "ನನ್ನನ್ನ ಮದುವೆ ಆಗೋವಾಗ ಇಷ್ಟು ವಿಚಾರಿಸಿರಲಿಲ್ಲ ನೀನು" ಎಂದರು.

"ವಿಚಾರಿಸಬೇಕಿತ್ತು" ಎಂದೆ.

ಜಾರ್ಜ್ ಟೌನಿನ ಅಂಗಡಿಯಾತ ಮೊದಲು ತಂದದ್ದು ಭಾರೀ ಯಂತ್ರ. "ದಿಸ್ ಒನ್ ವೆರಿ ಡೀಪ್ ಲಾ, ಆಂಟಿ" ಎಂದ. ಎತ್ತಿದೊಡನೆ ಭುಜ ಬೆಂಕಿಯಾಯಿತು. ಎರಡನೆಯದು ತಕ್ಕಡಿಯಲ್ಲಿ ಹಗುರ, ಕೈಯಲ್ಲಿ ಭಾರ. ಏಕೆಂದರೆ ಅದರ ತೂಕವೆಲ್ಲ ನೆಲದ ಕಡೆಯ ತಟ್ಟೆಯಲ್ಲಿತ್ತು, ಕೋಲಿನ ತುದಿಗೆ ಬಿಂದಿಗೆ ಕಟ್ಟಿದ ಹಾಗೆ ತೋಳನ್ನು ಜಗ್ಗುತ್ತಿತ್ತು. ತೂಕ ಎಷ್ಟೆಂಬುದಕ್ಕಿಂತ ಎಲ್ಲಿದೆಯೆಂಬುದು ಮುಖ್ಯವೆಂದು ಆಗ ತಿಳಿಯಿತು. ಮೂರನೆಯದರ ತಟ್ಟೆ ಚಿಕ್ಕದು, ಕೋಲು ತೆಳುವು, ಬ್ಯಾಟರಿ ಮೊಣಕೈಯ ಹಿಂದೆ. ಅದನ್ನು ಹಿಡಿದು ಅಂಗಡಿಯ ಒಳಗೇ ಆಡಿಸುತ್ತಾ ಹೋದೆ. ಆತ ಪಕ್ಕದ ಗಲ್ಲಿಗೆ ಊಟಕ್ಕೆ ಹೋಗಿ ಬಂದು, "ಸ್ಟಿಲ್ ಸ್ವಿಂಗಿಂಗ್ ಆಹ್?" ಎಂದು ಕಣ್ಣರಳಿಸಿದ. ಭುಜ ಇನ್ನೂ ಗೊಣಗಿರಲಿಲ್ಲ. ಆಳಕ್ಕೆ ಇಳಿಯದ, ಆದರೆ ನನ್ನನ್ನು ನೋಯಿಸದ ಆ ಬಡಕಲು ಯಂತ್ರವನ್ನೇ ಮನೆಗೆ ತಂದೆ.

ಇಲ್ಲಿ ವಸುಧಾ ಬರುತ್ತಾಳೆ. ನಮ್ಮ ಮಹಡಿಯಲ್ಲೇ, ಎದುರು ಮನೆ. ಧಾರವಾಡದವಳು, ನನಗಿಂತ ಚಿಕ್ಕವಳು, ಬಾಯಿ ತುಂಬ ಅಕ್ಕಾ ಎನ್ನುವವಳು. ನಾಣ್ಯದ ವಿಷಯದಲ್ಲಿ ಅವಳಿಗೆ ತಲೆ ಯಾವುದು ಬಾಲ ಯಾವುದೆಂದು ಗೊತ್ತಿಲ್ಲ. ಭಾನುವಾರ ಬೆಳಗ್ಗೆ ನಾನು ಯಂತ್ರ ಹೊತ್ತು ಹೊರಟರೆ ಅವಳು ಚಿಕ್ಕ ಸಲಿಕೆಯನ್ನೂ, ಮೂಲೆಯ ಮಾಮಕ್ ಹೋಟೆಲಿನಲ್ಲಿ ತಪೌ ಎಂದು ಹೇಳಿ ಕಟ್ಟಿಸಿಕೊಂಡ, ಪರೋಟದಂಥ ರೊಟ್ಟಿ ಚನಾಯಿಯ ಪೊಟ್ಟಣವನ್ನೂ ಹಿಡಿದು ಜೊತೆಗೆ ಬರುತ್ತಿದ್ದಳು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಕೆಳಗೆ ನನಗೆ ಬಾಟಲಿಯ ಬಿರಡೆ, ಸೋಡಾ ಡಬ್ಬಿಯ ತಗಡಿನ ಕಿವಿ, ತುಕ್ಕು ಹಿಡಿದ ಗಾಳ ಸಿಗುತ್ತಿದ್ದವು. ಒಂದೊಂದಕ್ಕೂ ವಸುಧಾ ಚಪ್ಪಾಳೆ ತಟ್ಟುತ್ತಿದ್ದಳು.

ದೊಡ್ಡ ಗಾಳಿಮಳೆಯೊಂದು ಬಂದುಹೋದ ಮಾರನೆಯ ಬೆಳಗ್ಗೆ ತೀರದ ಗಾಳಿಮರಗಳ ಬೇರು ಕಾಣುವಷ್ಟು ಮರಳು ಕೊಚ್ಚಿಹೋಗಿತ್ತು. ಇಂಥ ದಿನವೇ ಹಳೆಯದು ಮೇಲೆ ಬರುವುದೆಂದು ನನಗೆ ಗೊತ್ತು. ಅದಕ್ಕೇ ಬೆಳಕು ಹರಿಯುವಾಗಲೇ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಕೊಚ್ಚಿಹೋದ ದಂಡೆಯ ಉದ್ದಕ್ಕೂ, ಬೇರಿನ ಬುಡದಲ್ಲಿ ಹುಡುಕಬೇಕೆಂದು ನಿರ್ಧರಿಸಿದವಳೂ ನಾನೇ. ಆಸೆಗೆ ಬಿದ್ದು ಬೀಸಿದ್ದಕ್ಕೋ ಏನೋ, ಭುಜ ಬೇಗ ಸೋತಿತು.

"ಕೊಡ್ರೀ ಅಕ್ಕಾ, ನೀವು ಒಂದೀಟು ಕುಂದರ್ರಿ. ನಾ ಹಿಡೀತೀನಿ" ಎಂದಳು ವಸುಧಾ.

ಕೊಟ್ಟೆ. ಮರದ ಕೆಳಗೆ ಕೂತು, ಸಮುದ್ರಕ್ಕೆ ಬೆನ್ನು ಹಾಕಿ, ಭುಜ ಒತ್ತಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲೇ ಅವಳು ಕೂಗಿದಳು. ನಾನು ಎದ್ದು ಹೋಗುವಷ್ಟರಲ್ಲಿ ಅವಳ ಮಣ್ಣು ಮೆತ್ತಿದ ಅಂಗೈಯಲ್ಲಿ ಹಸಿರುಗಟ್ಟಿದ ಒಂದು ತಾಮ್ರದ ಬಿಲ್ಲೆ ಕೂತಿತ್ತು.

"ಏನಕ್ಕಾ ಇದು? ಅಂಗಿ ಗುಂಡಿ ಏನ್ರೀ?"

ನಾನು ಅದನ್ನು ತೆಗೆದುಕೊಂಡು ಹೆಬ್ಬೆರಳು ಇಟ್ಟೆ. ಒಂದು ಮುಖದಲ್ಲಿ ಗುರಾಣಿಯಂಥ ಲಾಂಛನದ ಅಂಚು. ಇನ್ನೊಂದರಲ್ಲಿ ಎಲೆಯ ಸುರುಳಿಯ ನಡುವೆ ಅರಬ್ಬಿಯನ್ನು ಹೋಲುವ ಜಾವಿ ಅಕ್ಷರಗಳು. ಈಸ್ಟ್ ಇಂಡಿಯಾ ಕಂಪನಿಯವರು ಈ ದ್ವೀಪಕ್ಕೆಂದೇ ಟಂಕಿಸಿದ ಕಾಸು. ನಮ್ಮ ಕಡೆಯೂ ಅವರ ಧ್ವಜ ಹಾರುತ್ತಿದ್ದ ಕಾಲದ್ದು. ಪುಸ್ತಕಗಳಲ್ಲಿ ನೋಡಿ ನೋಡಿ ಕನಸಿನಲ್ಲೂ ಗುರುತಿಸಬಲ್ಲೆನೆಂದುಕೊಂಡಿದ್ದ ನಾಣ್ಯ ಅದು. ಅದನ್ನು ಗುಂಡಿಯೆಂದುಕೊಂಡವಳಿಗೆ ಸಿಕ್ಕಿತ್ತು.

"ತುಂಬಾ ಹಳೇದು ವಸುಧಾ. ತುಂಬಾ ಒಳ್ಳೇದು" ಎಂದು ಹೇಳಿ ವಾಪಸು ಕೊಟ್ಟೆ. ನೀವು ನನ್ನ ಸ್ನೇಹಿತರಾದ್ದರಿಂದ ಹೇಳುತ್ತೇನೆ, ಅದನ್ನು ಅವಳ ಕೈಗೆ ಹಾಕುವಾಗ ನನ್ನ ಬೆರಳುಗಳು ಬಿಚ್ಚಿಕೊಳ್ಳಲು ತಡಮಾಡಿದವು. ಯಂತ್ರ ನನ್ನದು, ಜಾಗ ನಾನು ಆರಿಸಿದ್ದು, ದಿನ ನಾನು ಆರಿಸಿದ್ದು, ಓದಿದವಳು ನಾನು. ಅವಳದೆಂದು ಇದ್ದದ್ದು ನೋವಿಲ್ಲದ ಒಂದು ಭುಜ ಮಾತ್ರ. ಕೇಳಿದ್ದರೆ ಅವಳು ಮರುಮಾತಿಲ್ಲದೆ ಕೊಟ್ಟುಬಿಡುತ್ತಿದ್ದಳು. ಹಾಗೆ ಕೊಡುವವಳೆಂದು ಗೊತ್ತಿದ್ದರಿಂದಲೇ ಕೇಳಲಾಗಲಿಲ್ಲ.

ಇಲ್ಲಿನ ನಿಯಮದಂತೆ ತಿಳಿಸಬೇಕಾದ ಕಚೇರಿಗೆ ಇಬ್ಬರೂ ಹೋಗಿ ತಿಳಿಸಿದೆವು. ಅವರು ಫೋಟೋ ತೆಗೆದುಕೊಂಡು, ಇದು ನಿಮ್ಮ ಹತ್ತಿರವೇ ಇರಲಿ ಎಂದು ನಾಣ್ಯವನ್ನು ಕೊಟ್ಟದ್ದೂ ವಸುಧಾಳ ಕೈಗೇ. ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಅವಳ ಚಿತ್ರ ಬಂತು, ಕೌಲಾಲಂಪುರದಿಂದ, ಪುಚೊಂಗಿನಿಂದ ಹೊಗಳಿಕೆಗಳು ಬಂದವು. ಅವಳು ಎಲ್ಲರಿಗೂ ಒಂದೇ ಉತ್ತರ ಬರೆದಳು: ಮಷೀನು ಅಕ್ಕಾರದು, ಬುದ್ಧಿ ಅಕ್ಕಾರದು, ನಾ ಬರೇ ಹಿಡಕೊಂಡಿದ್ದೆ. ಓದಿದವರು ಅವಳ ವಿನಯವನ್ನೂ ಹೊಗಳಿದರು. ನನಗೆ ಆಗ ನಾಣ್ಯದ ಮೇಲಿದ್ದುದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಆ ವಿನಯದ ಮೇಲೆ ಹುಟ್ಟಿತು. ನಾಣ್ಯ ನನಗೇ ಸಿಕ್ಕಿದ್ದರೆ, ಸಲಿಕೆ ಹೊತ್ತು ತಂದವಳ ಬಗ್ಗೆ ನಾನು ಒಂದು ಸಾಲನ್ನಾದರೂ ಬರೆಯುತ್ತಿದ್ದೆನೇ?

ಎರಡು ದಿನ ಬಿಟ್ಟು ಫೋನು ಮಾಡಿದಳು. "ಅಕ್ಕಾ, ಹುಣಸಿಹಣ್ಣ ನೆನಿ ಹಾಕೇನಿ. ಗಸಗಸ ತಿಕ್ಕಿ ಬಂಗಾರದ ಹಂಗ ಮಾಡಿ ನಿಹಾರಿಕಾಗ ಪದಕಾ ಮಾಡಸ್ತೀನಿ." ನಿಹಾರಿಕಾ ಅವಳ ಒಬ್ಬಳೇ ಮಗಳು, ಇಲ್ಲಿನ ಕಾಲೇಜಿನಲ್ಲಿ ಓದುವವಳು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಆ ಹಸಿರಿನ ಜೊತೆಗೆ ಅಕ್ಷರಗಳೂ ಹೋಗುತ್ತವೆ. ಬರೀ ಹೊಳೆಯುವ ತಗಡು ಉಳಿಯುತ್ತದೆ. ಅದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮಾಡಲಿ ಬಿಡು ಎಂದು ಒಳಗಿನಿಂದ ಯಾರೋ ತಣ್ಣಗೆ ಹೇಳಿದರು. ಆ ದನಿ ಅಪರಿಚಿತವಾಗಿದ್ದರೆ ಚೆನ್ನಾಗಿತ್ತು; ಅದು ನನ್ನದೇ ದನಿ.

"ಮುಟ್ಟಬೇಡ!" ಎಂದು ಕೂಗಿದ್ದೂ ನಾನೇ. ಫೋನು ಇಟ್ಟು, ಚಪ್ಪಲಿಯನ್ನೂ ಮೆಟ್ಟದೆ ಎದುರು ಮನೆಗೆ ಓಡಿದೆ. ಬಟ್ಟಲಿನಿಂದ ನಾಣ್ಯವನ್ನು ದೂರ ಸರಿಸಿ, ಬರೀ ನೀರಿನಲ್ಲಿ ಮರಳು ಬಿಡಿಸಿ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಇಟ್ಟೆ. ವಸುಧಾ ನನ್ನನ್ನು ಕೃತಜ್ಞತೆಯಿಂದ ನೋಡುತ್ತಿದ್ದಳು. ನಾನು ಉಳಿಸಿದ್ದು ಅವಳನ್ನಲ್ಲ, ನಾಣ್ಯವನ್ನು ಎಂದು ಹೇಳಿಬಿಡಬೇಕೆನ್ನಿಸಿತು.

ಈ ಗಲಾಟೆಗೆ ಕೋಣೆಯಿಂದ ಹೊರಬಂದ ನಿಹಾರಿಕಾ ಕಿವಿಯ ವೈರು ತೆಗೆದು, "ಆಂಟಿ, ವಾಟ್ಸ್ ರಿಟನ್ ಹಿಯರ್?" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷೇ. ತಿಳಿಸಿದೆ. ಮುಂದಿನ ಶನಿವಾರ ಅವಳು ನಮ್ಮ ಮನೆಗೇ ಬಂದಳು. ಪುಸ್ತಕ ತೆರೆದೆ, ನಕ್ಷೆ ಬಿಡಿಸಿದೆ, ಮೆಣಸು ತುಂಬಿದ ಹಡಗುಗಳ ಕಥೆ ಹೇಳಿದೆ. ಊಟ ಮುಗಿದು ಕಾಫಿಯಾದರೂ ಏಳಲಿಲ್ಲ. ಕಲಿಸುವ ಸುಖ ಎಂಥದ್ದೆಂದು ಮರೆತೇಹೋಗಿದ್ದ ನನಗೆ ಅವಳು ಕೇಳಿದ ಒಂದೊಂದು ಪ್ರಶ್ನೆಯೂ ಹಸಿದವಳ ಮುಂದಿಟ್ಟ ತುತ್ತಿನಂತಿತ್ತು.

ಭಾನುವಾರ ತೀರದಲ್ಲಿ ಬಿರಡೆ ಸಿಕ್ಕರೂ ವಸುಧಾ ಚಪ್ಪಾಳೆ ತಟ್ಟಲಿಲ್ಲ. ರೊಟ್ಟಿಯ ಪೊಟ್ಟಣ ಬಿಚ್ಚಿದ ಮೇಲೆ, ಸಮುದ್ರ ನೋಡುತ್ತಾ ಹೇಳಿದಳು:

"ಒಂದ ಮಾತ ಹೇಳ್ತೀನ್ರಿ ಅಕ್ಕಾ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಮ್ಯಾಲ ನನಗ ಹೊಟ್ಟಿಕಿಚ್ಚ ಬಂದೈತಿ."

"ನನ್ನ ಮೇಲಾ?"

"ಹೂಂ ರೀ. ನನ್ನ ಜೋಡಿ ಅಕಿ ಎರಡ ಮಾತ ಆಡಂಗಿಲ್ಲ. ಊಟ ಆತೇನು ಅಂದ್ರ ಯಾ, ಯಾವಾಗ ಬರ್ತಿ ಅಂದ್ರ ಲೇಟರ್. ನಿಮ್ಮ ಮನ್ಯಾಗ ಇಡೀ ಮಧ್ಯಾಹ್ನ ಕುಂತ ಬಂದ್ಲು. ಆ ನಾಣ್ಯಾ ನನಗ ಸಿಕ್ಕಿದ್ದು ಖರೆ, ಆದ್ರ ಅದರ ಬಗ್ಗೆ ಹೇಳ್ಲಿಕ್ಕೆ ನನ್ನ ಕಡೆ ಏನೈತ್ರಿ?"

ನನಗೆ ಆ ಕ್ಷಣ ಎಷ್ಟು ಹಿತವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ನನ್ನ ಬಳಿ ಇರುವುದನ್ನು ಕಂಡೂ ಒಬ್ಬರ ಹೊಟ್ಟೆ ಉರಿಯಬಹುದು! ಆ ಹಿತ ಒಂದು ತುತ್ತು ರೊಟ್ಟಿ ಇಳಿಯುವವರೆಗೆ ಉಳಿಯಿತು. ಆಮೇಲೆ ಅವಳ ಮುಖ ನೋಡಿದೆ. ಆ ಉರಿ ಎಲ್ಲಿ ಹುಟ್ಟುತ್ತದೆ, ಎಲ್ಲಿಯವರೆಗೆ ಏರುತ್ತದೆ, ನುಂಗಿದ ಅನ್ನ ಹೇಗೆ ರುಚಿ ಕಳೆದುಕೊಳ್ಳುತ್ತದೆ ಎಂಬುದೆಲ್ಲ ನನ್ನಷ್ಟು ಚೆನ್ನಾಗಿ ಬಲ್ಲವರು ಆ ತೀರದಲ್ಲಿ ಬೇರೆ ಯಾರಿದ್ದರು? ನನ್ನ ಪಾಲಿನ ರೊಟ್ಟಿಯನ್ನೂ ಅವಳ ಕಡೆಗೆ ಸರಿಸಿದೆ, ಅವಳು ತಿನ್ನಲಿಲ್ಲ.

ಮರುವಾರ ನಿಹಾರಿಕಾ ಮತ್ತೆ ಬಂದಳು. ನಾಣ್ಯ ಸರಿಯಾಗಿ ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಂತ್ರ ಹೇಗೆ ಕೂಗಿತು ಎಂದೆಲ್ಲ ಅವಳಿಗೆ ತಿಳಿಯಬೇಕಿತ್ತು. ಅವಳಿಗಾಗಿ ನಾನು ಮೇಜಿನ ಮೇಲೆ ಹೊಸ ನಕ್ಷೆಯೊಂದನ್ನು ಆಗಲೇ ಬಿಡಿಸಿಟ್ಟಿದ್ದೆ. ಊಹಿಸಿ ಹೇಳಬಹುದಾಗಿತ್ತು, ಊಹಿಸಿ ಸೊಗಸಾಗಿ ಹೇಳುವುದು ಬಲ್ಲೆ.

"ಅದು ನನಗೆ ಗೊತ್ತಿಲ್ಲ ಕಣೇ" ಎಂದೆ. "ನಾನು ಆಗ ಮರದ ಕೆಳಗೆ ಕೂತು ಭುಜ ಒತ್ತಿಕೊಳ್ತಿದ್ದೆ. ಸದ್ದು ಕೇಳಿದ್ದು ನಿಮ್ಮಮ್ಮ, ಮರಳು ತೋಡಿದ್ದು ನಿಮ್ಮಮ್ಮ. ಅವಳನ್ನ ಕೇಳು."

"ಬಟ್ ಅಮ್ಮ ಡಸಂಟ್ ನೋ ಎನಿಥಿಂಗ್ ಅಬೌಟ್ ಕಾಯಿನ್ಸ್ ಲಾ, ಆಂಟಿ."

"ನಾಣ್ಯದ ಬಗ್ಗೆ ಗೊತ್ತಿರೋರು ಬೇಕಾದಷ್ಟು ಜನ ಇದ್ದಾರೆ ಪುಟ್ಟಿ. ನಾಣ್ಯ ಸಿಕ್ಕಿದೋಳು ಈ ಬಿಲ್ಡಿಂಗಲ್ಲಿ ಒಬ್ಬಳೇ."

ಆ ಮಾತನ್ನು ಬಾಯಿಬಿಟ್ಟು ಹೇಳುವುದು, ಭುಜವನ್ನು ಕಿವಿಯವರೆಗೆ ಎತ್ತುವುದಕ್ಕಿಂತ ಕಷ್ಟವಾಯಿತು. ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿ, ಚಪ್ಪಲಿ ಸಿಕ್ಕಿಸಿಕೊಂಡು ಎದುರು ಮನೆಗೆ ಹೋದಳು. ನಾನು ನಕ್ಷೆಯನ್ನು ಮಡಿಸಿಟ್ಟೆ.

ಸಂಜೆ ಕಸದ ಚೀಲ ಹಿಡಿದು ಹೊರಗೆ ಬಂದಾಗ ಎದುರು ಮನೆಯ ಬಾಗಿಲು ತೆರೆದಿತ್ತು, ಗ್ರಿಲ್ ಮಾತ್ರ ಹಾಕಿತ್ತು. ಒಳಗೆ ವಸುಧಾ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಗಾಳಿ ಮರಗಳನ್ನು ಬುಡಮೇಲು ಮಾಡುವ ಹಾಗೆ ಬೀಸುತ್ತಿತ್ತಂತೆ. ಅಲೆಗಳು ಅವಳ ಮೊಣಕಾಲಿಗೆ ಬಂದು ಬಡಿಯುತ್ತಿದ್ದವಂತೆ. ಯಂತ್ರ ಮಗು ಅತ್ತ ಹಾಗೆ ಅತ್ತಿತಂತೆ.

"ಆಮ್ಯಾಲ?" ಎಂದಳು ನಿಹಾರಿಕಾ. "ಆಮ್ಯಾಲ ಏನಾತು?"

ಅಪ್ಪಟ ಧಾರವಾಡದ ಕನ್ನಡ. ನನ್ನ ಮನೆಯಲ್ಲಿ ಅಷ್ಟು ಹೊತ್ತು ಕೂತಾಗಲೂ ಆ ಹುಡುಗಿಯ ಬಾಯಿಂದ ನನಗಾಗಿ ಹೊರಡದ ಕನ್ನಡ. ಹೊಟ್ಟೆಯೊಳಗೆ ಹಳೆಯ ಕಿಚ್ಚು ಮತ್ತೆ ತಲೆಯೆತ್ತಿತು. ಅದಕ್ಕೆ ನಾನು ಈಗ ಎಷ್ಟು ಒಗ್ಗಿಹೋಗಿದ್ದೇನೆಂದರೆ ಬಂದೆಯಾ ಎಂದು ಕೇಳುವಷ್ಟು. ನಾಣ್ಯ ಸಿಕ್ಕ ಆ ಬೆಳಗ್ಗೆ ಗಾಳಿ ಬೀಸುತ್ತಿರಲಿಲ್ಲ. ಸಮುದ್ರ ಇಳಿದು ಎಲ್ಲೋ ದೂರದಲ್ಲಿತ್ತು, ಅಲೆ ಅವಳ ಹೆಬ್ಬೆರಳನ್ನೂ ಮುಟ್ಟಿರಲಿಲ್ಲ. ಇತಿಹಾಸದ ಮೇಡಮ್ಮಿನ ನಾಲಿಗೆಯ ತುದಿಗೆ ತಿದ್ದುಪಡಿ ಬಂದು ನಿಂತಿತು. ಕಸದ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು, ಸದ್ದಾಗದ ಹಾಗೆ ಗೋಡೆಗೆ ಒರಗಿ, ಮುಂದೆ ಏನಾಯಿತೆಂದು ನಾನೂ ಕೇಳುತ್ತಾ ನಿಂತೆ.